ಜಡ್ಜ್ ಮುತ್ತಜ್ಜನಿಗೆ ಹೈಡೆಲ್‌ಬರ್ಗಿನಲ್ಲಿ ವಿಚಾರಣೆ

ಕೆಳಮಹಡಿಯಲ್ಲಿರುವ ನಮ್ಮ ಮನೆಯೊಡತಿ ತಮ್ಮ ಅಜ್ಜನ ಫೋಟೊವನ್ನು ಡ್ರಾಯರಿನಲ್ಲಿ ಕವುಚಿ ಇಟ್ಟಿದ್ದಾರೆ. ಗೋಡೆಗೆ ಹಾಕುವಷ್ಟು ಒಳ್ಳೆಯವರಲ್ಲವಂತೆ. ಸ್ವಂತ ಅಜ್ಜನ ಬಗ್ಗೆ ಹೀಗೆ, ಅದೂ ಆರಾಮಾಗಿ ಕಾಫಿ ಕುಡಿಯುತ್ತಾ ಹೇಳುವವರನ್ನು ಜರ್ಮನಿಯ ಹೈಡೆಲ್‌ಬರ್ಗಿಗೆ ಬರುವ ತನಕ ನಾನು ಕಂಡಿರಲಿಲ್ಲ.

ಮಾತು ಹುಟ್ಟಿದ್ದು ನಮ್ಮ ಗೋಡೆಯಿಂದ. ಹೀಟರ್ ನೋಡಲು ಮೇಲೆ ಬಂದ ಮನೆಯೊಡತಿ, ಗಂಧದ ಹಾರ ಹಾಕಿದ್ದ ನಮ್ಮ ಮುತ್ತಜ್ಜನ ಫೋಟೊದ ಮುಂದೆ ನಿಂತು, ಯಾರೆಂದು ಕೇಳಿದರು. ಕೇಳಿದ್ದೇ ತಡ, ನಾನು ಶುರುಮಾಡಿದೆ. ಮಂಗಳೂರಿನಲ್ಲಿ ವಕೀಲರಾಗಿದ್ದರು, ಬ್ರಿಟಿಷರು ಕರೆದು ಮುನ್ಸೀಫರನ್ನಾಗಿ ಮಾಡಿದರು, ಜಿಲ್ಲಾ ಜಡ್ಜ್ ಆಗಿ ನಿವೃತ್ತರಾದರು. ಊರಿನಲ್ಲಾದರೆ ಇಷ್ಟಕ್ಕೇ ಜನ ಕುರ್ಚಿ ಎಳೆದು ಕೂರಿಸುತ್ತಾರೆ. ನಮ್ಮ ಮನೆಯ ಮದುವೆ ಕಾಗದದಲ್ಲಿ ಇವತ್ತಿಗೂ ಅವರ ಹೆಸರು ವರನ ಹೆಸರಿಗಿಂತ ಮೇಲಿರುತ್ತದೆ.

ಇವರು ಕೇಳಿದ್ದು ಒಂದೇ: "ಯಾರಿಗೆಲ್ಲ ಶಿಕ್ಷೆ ಕೊಟ್ಟರು?"

ನನಗೆ ಮುತ್ತಜ್ಜನ ಪೇಟ ಗೊತ್ತು, ಕುದುರೆಗಾಡಿ ಗೊತ್ತು, ಅನ್ನಕ್ಕೆ ಎಷ್ಟು ಚಮಚ ತುಪ್ಪ ಹಾಕಿಸಿಕೊಳ್ಳುತ್ತಿದ್ದರು ಎಂಬುದೂ ಗೊತ್ತು. ಒಂದೇ ಒಂದು ತೀರ್ಪು ಗೊತ್ತಿಲ್ಲ. ಮನೆಯೊಡತಿಯ ಅಜ್ಜ ನಾಜಿ ಕಾಲದ ಜಡ್ಜ್ ಅಂತೆ. ಇವರು ಆರ್ಖೀವ್‌ಗೆ, ಅಂದರೆ ಹಳೆಯ ಕಡತಗಳ ಕಚೇರಿಗೆ ಹೋಗಿ ಅಜ್ಜನ ತೀರ್ಪುಗಳನ್ನೆಲ್ಲ ಓದಿ ಬಂದಿದ್ದರು. ನಮ್ಮವರು ಹಾಗಲ್ಲ ಎಂಬ ಮಾತು ನನ್ನ ಬಾಯಿಗೆ ಬಂತು. ಹೇಗೆ ಗೊತ್ತು ಎಂದು ಕೇಳಿದರೆ ಎಂದು ನುಂಗಿಕೊಂಡೆ.

ಅದೇ ವಾರ ಮಗಳ ಶಾಲೆಯಲ್ಲಿ ಶ್ಟಾಮ್‌ಬಾವ್ಮ್, ಅಂದರೆ ವಂಶವೃಕ್ಷ ಬರೆದು ತರಲು ಹೇಳಿದರು. ಯಾರು ಏನು ಮಾಡಿದರೆಂದು ಕ್ಲಾಸಿನ ಮುಂದೆ ನಿಂತು ಓದಬೇಕು. ಮಗುವಿನ ಬಾಯಲ್ಲಿ ಸುಳ್ಳು ಹೇಳಿಸಬಾರದು, ಮನೆಯ ಮರ್ಯಾದೆಯೂ ಹೋಗಬಾರದು. ಉಡುಪಿಯ ದೊಡ್ಡಮ್ಮನಿಗೆ ಫೋನ್ ಮಾಡಿದೆ.

ದೊಡ್ಡಮ್ಮ ಎರಡು ಸಲ ಮಾತು ಹಾರಿಸಿ, ಮೂರನೆಯ ಸಲಕ್ಕೆ ಹೇಳಿದರು. ಕ್ವಿಟ್ ಇಂಡಿಯಾ ಗಲಾಟೆಯಲ್ಲಿ ಟೆಲಿಗ್ರಾಫ್ ತಂತಿ ಕತ್ತರಿಸಿದ ಕೇಸು ಮುತ್ತಜ್ಜನ ಮುಂದೆ ಬಂತು. ಆರೋಪಿ ಬೇರೆ ಯಾರೂ ಅಲ್ಲ, ಅವರು ವಕೀಲರಾಗಿದ್ದಾಗ ಅವರ ಕೈಕೆಳಗೆ ಕೆಲಸ ಕಲಿತ ಜೂನಿಯರ್. ಮುತ್ತಜ್ಜ ಎರಡು ವರ್ಷ ಜೈಲು ಬರೆದರು. ಮನೆಗೆ ಬಂದು ಮೂರು ದಿನ ಊಟ ಮಾಡಲಿಲ್ಲ.

"ಕಾನೂನು ಬಿಟ್ಟು ಬರೀಲಿಕ್ಕೆ ಆಗ್ತದಾ ಮಾರಾಯ್ತಿ? ಈಗ ಅದೆಲ್ಲ ಯಾಕೆ ನಿಂಗೆ?"

ಕೇಸನ್ನು ಬೇರೆ ಜಡ್ಜ್‌ಗೆ ಬಿಟ್ಟುಕೊಡಬಹುದಿತ್ತಲ್ಲ ಎಂದೆ. ಜರ್ಮನಿಗೆ ಹೋಗಿ ಸ್ವಂತ ಮುತ್ತಜ್ಜನ ಮೇಲೇ ಕೇಸು ಹಾಕುತ್ತಿದ್ದೀಯಾ ಎಂದು ಬೇಜಾರು ಮಾಡಿಕೊಂಡರು. ಕೆಳಮಹಡಿಗೆ ಹೋಗಿ ಹೇಳಿದರೆ, ಮನೆಯೊಡತಿಗೆ ಆ ಮೂರು ದಿನದ ಉಪವಾಸ ಗಣನೆಗೇ ಬರಲಿಲ್ಲ. ಅವರೆದುರು ನಾನು ಮುತ್ತಜ್ಜನ ಪರ ವಕೀಲೆ. ದೊಡ್ಡಮ್ಮನೆದುರು ಅವರ ವಿರುದ್ಧ. ನಾನು ಯಾವ ಕಡೆಯವಳು ಎಂದು ನಿಜಕ್ಕೂ ತಿಳಿಯುತ್ತಿಲ್ಲ.

ಕೊನೆಗೆ ಮಗಳಿಗೆ ಎಲ್ಲವನ್ನೂ ಹೇಳಿದೆ. ಅವಳು ಜರ್ಮನ್ನಿನಲ್ಲಿ ಬರೆದುಕೊಂಡಳು: ಜಡ್ಜ್. ತನ್ನ ಜೂನಿಯರನ್ನು ಜೈಲಿಗೆ ಕಳಿಸಿದರು. ಮೂರು ದಿನ ಉಣ್ಣಲಿಲ್ಲ. ಆಮೇಲೆ ಪಕ್ಕದಲ್ಲಿ ಇನ್ನೊಂದು ಚೌಕ ಎಳೆದು, ಜೈಲಿಗೆ ಹೋದವರ ಹೆಸರೇನು ಎಂದು ಕೇಳಿದಳು.

ಮತ್ತೆ ದೊಡ್ಡಮ್ಮನಿಗೆ ಫೋನ್ ಮಾಡಿದೆ. ಅವರಿಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಎತ್ತಿರಲೇ ಇಲ್ಲ.

"ಗೊತ್ತಾದ್ರೆ ನಂಗೂ ಹೇಳು," ಎಂದರು ದೊಡ್ಡಮ್ಮ.