ಬಲೆ ತೊಳೆದವರು ಯಾರು?

ಕಿವಿರು ಎತ್ತಿ ನೋಡದೆ ಮೀನು ಕೊಳ್ಳುವವಳಲ್ಲ ನಾನು. "ಇವಳಿಗೆ ಗಂಡು ಹುಡುಕುವುದಕ್ಕಿಂತ ಪೊಲೀಸ್ ಕೆಲಸ ಹುಡುಕುವುದು ಸುಲಭ" ಎಂದು ಅಮ್ಮ ಹೇಳುತ್ತಿದ್ದರು. ಮಣಿಪಾಲದಲ್ಲಿ ನನಗೆ ಸಿಕ್ಕಿದ ಸಂಶೋಧನೆಯೂ ಸಂಶಯದ್ದೇ. ಸಮುದ್ರಕ್ಕೆ ಎಣ್ಣೆ ಸೇರಿದರೆ ಪ್ರಾಣಿಪ್ಲವಕಗಳಿಗೆ ಏನಾಗುತ್ತದೆ ಎಂದು ನೋಡುವುದು. ಬರಿಗಣ್ಣಿಗೆ ಧೂಳಿನಂತೆ ಕಾಣುವ ಈ ಜೀವಿಗಳನ್ನು ತಿಂದೇ ನಮ್ಮ ಬೂತಾಯಿ, ಬಂಗುಡೆ ಮೀನುಗಳು ಬೆಳೆಯುವುದು.

ಮನೆ ಕಾಪುವಿನಲ್ಲಿ, ದೋಣಿ ಅಣ್ಣನದು. ಉದ್ಯಾವರದ ಹೊಳೆ ಕಡಲು ಸೇರುವಲ್ಲಿ ಸಣ್ಣ ಕಣ್ಣಿನ ಬಲೆ ಎಳೆದು, ಸಿಕ್ಕಿದ್ದನ್ನು ಬಾಟಲಿಯಲ್ಲಿ ಜೀವಂತ ಒಯ್ದು ಸೂಕ್ಷ್ಮದರ್ಶಕದಡಿ ಇಡುತ್ತಿದ್ದೆ. ಆ ವರ್ಷ ಮಳೆಗಾಲ ಕಳೆದ ಮೇಲೆ ಅವು ಈಜುವುದನ್ನೇ ಬಿಟ್ಟವು. ಮೀಸೆಗೆ ಎಣ್ಣೆಯ ಹನಿ, ಹೊಟ್ಟೆಯೊಳಗೂ ಹನಿ.

ನನ್ನ ಕಣ್ಣು ಹೋದದ್ದು ಹೊಳೆ ದಂಡೆಯ ಇಂಜಿನ್ ರಿಪೇರಿ ಶೆಡ್ಡಿನ ಮೇಲೆ. ಅದು ಅಪ್ಪನ ಹಳೆಯ ಗೆಳೆಯರೊಬ್ಬರದು. ಅವರನ್ನು ನಾವು ಮಾಮ ಎನ್ನುತ್ತಿದ್ದೆವು. ಸುಟ್ಟ ಆಯಿಲ್ ಎಲ್ಲಿ ಹಾಕುತ್ತೀರಿ ಎಂದು ಕೇಳಿದೆ.

"ಡ್ರಮ್ಮಿನಲ್ಲಿ ಉಂಟು ಮಗಾ. ಕೊಳ್ಳುವವರು ಬರ್ತಾರೆ."

ಡ್ರಮ್ಮು ತಟ್ಟಿದೆ. ಖಾಲಿ ಸದ್ದು. "ನಿನ್ನೆಯೇ ಬಂದಿದ್ರು" ಎಂದರು, ನನ್ನ ಮುಖ ನೋಡದೆ. ನನಗೆ ಅಷ್ಟೇ ಸಾಕಾಯಿತು. ದೂರು ಕೊಟ್ಟೇ ಕೊಡುತ್ತೇನೆ ಎಂದು ಮನೆಯಲ್ಲಿ ಹಾರಾಡಿದೆ. ಶೆಡ್ಡು ಮುಚ್ಚಿದರೆ ಆ ಸಂಸಾರದ ಗತಿ ಏನು ಎಂದು ಅಪ್ಪ ಸರಿಯಾಗಿ ಊಟ ಮಾಡುವುದನ್ನೇ ಬಿಟ್ಟರು.

ದೂರು ಕೊಡಲು ಹೊರಟ ಬೆಳಿಗ್ಗೆ ಅಮ್ಮ ಬಾವಿಕಟ್ಟೆಯಲ್ಲಿ ನನ್ನ ಬಲೆ ಉಜ್ಜುತ್ತಿದ್ದರು. ಚಿಮಿಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ವಾಸನೆ ಮೂಗಿಗೆ ಬಡಿಯಿತು.

"ಅಮ್ಮಾ, ಇದೆಂತ?"

"ಕಡಲಲ್ಲಿ ತೇಲಿ ಬರುವ ಡಾಂಬರು ಅಂಟಿದೆ. ಸೋಪಿಗೆ ಹೋಗ್ತದಾ ಅದು? ದೋಣಿಯ ಇಂಜಿನ್ನಿಗೆ ತಂದ ಚಿಮಿಣಿ ಎಣ್ಣೆ ಉಂಟಲ್ವಾ, ಅದರಲ್ಲಿ ಉಜ್ಜಿದರೆ ಹೋಗ್ತದೆ. ಈ ಮಳೆ ಬಿಟ್ಟ ಮೇಲೆ ಪ್ರತಿ ಸಲವೂ ಹಾಗೇ ತೊಳೆದು ಇಟ್ಟಿದ್ದೇನೆ."

ನಮ್ಮ ಕಡೆ ಕಾಲಿಗೆ ಮೆತ್ತಿದ ಡಾಂಬರಿಗೂ ಹಗ್ಗಕ್ಕೆ ಮೆತ್ತಿದ ಡಾಂಬರಿಗೂ ಮದ್ದು ಅದೊಂದೇ. ಹಾಗಾದರೆ ನಾನು ಕಂಡ ಎಣ್ಣೆಯ ಹನಿಗಳು ಹೊಳೆಯವಲ್ಲ, ನನ್ನ ಬಲೆಯವು; ದೂರು ಅಲ್ಲಿಗೇ ನಿಂತಿತು. ನನಗೆ ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಸುದ್ದಿ ತಿಳಿದು ಮಾಮ ಬಿದ್ದು ಬಿದ್ದು ನಕ್ಕರಂತೆ. ಅಪ್ಪ ಅಂದು ಹೊಟ್ಟೆ ತುಂಬ ಉಂಡರು.

ಆದರೆ ಆ ಖಾಲಿ ಡ್ರಮ್ಮು ನನ್ನ ತಲೆಯಿಂದ ಇಳಿಯಲಿಲ್ಲ. ಹೊಸ ಬಲೆ ತರಿಸಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಮೊದಲು ಕಾಪು ದೀಪಸ್ತಂಭದ ಎದುರು ಎಳೆದೆ. ಬಾಟಲಿಯಲ್ಲಿ ಎಲ್ಲವೂ ಚುರುಕಾಗಿ ಈಜಿದವು. ಅದೇ ಬಲೆಯನ್ನು ಹೊಳೆಯ ಬಾಯಲ್ಲಿ ಎಳೆದಾಗ ಮತ್ತೆ ಮೀಸೆಗೆ ಹನಿ, ಹೊಟ್ಟೆಯಲ್ಲಿ ಹನಿ, ಮುಕ್ಕಾಲು ಪಾಲಿಗೆ ಅಲುಗಾಟವೇ ಇಲ್ಲ.

ಎರಡೂ ಬಾಟಲಿಗಳನ್ನು ಮನೆಗೆ ತಂದು ಊಟದ ಮೇಜಿನ ಮೇಲಿಟ್ಟು, ಕಂಡದ್ದನ್ನು ಹೇಳಿದೆ. ಅಪ್ಪ ಅತ್ತ ನೋಡದೆ ಎದ್ದು ಹೊರಗೆ ಹೋದರು. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನನ್ನನ್ನೇ ದಿಟ್ಟಿಸಿದರು, ನಾನು ಕಿವಿರು ಎತ್ತಿ ಮೀನನ್ನು ನೋಡುವ ಹಾಗೆ.

"ಹೊಸ ಬಲೆಯನ್ನು ನಾನು ಮುಟ್ಟಲಿಲ್ಲ" ಎಂದರು. "ಬೀಗದ ಕೈ ನಿನ್ನ ಹತ್ತಿರವೇ ಇತ್ತಲ್ವಾ. ಈ ಸಲ ಬಾಟಲಿಗೆ ಎಣ್ಣೆ ಹಾಕಿದ್ದು ಯಾರು?"