ದೊರೆಸಾನಮ್ಮನ ಗಂಜಿ ಚಪ್ಪರ

ಗಂಜಿ ಕುಡಿದು ಎದ್ದವರೆಲ್ಲ ಆಕೆಯ ಮುಂದೆ ಬಾಯಿ ತೆರೆದು ತೋರಿಸಿ ಹೋಗಬೇಕಾಗಿತ್ತು. ಚಪ್ಪರದಿಂದ ಹೊರಗೆ ಹೋಗಲು ಇದ್ದ ಒಂದೇ ದಾರಿಯಲ್ಲಿ ಆಕೆ ನಿಂತಿರುತ್ತಿದ್ದರು. ಎತ್ತರದ ಒಣಕಲು ದೇಹ, ಬಿಸಿಲಿಗೆ ಸುಲಿದ ಮೂಗು, ಮಾಸಿದ ಬಿಳಿಯ ಗೌನು. “ಬಾಯಿ ತೆರೆಯಿರಿ. ಇನ್ನೂ ತೆರೆಯಿರಿ. ನಾಲಿಗೆಯನ್ನು ಎತ್ತಿರಿ. ಒಳ್ಳೆಯದು, ಹೋಗಿರಿ.” ಮಕ್ಕಳಿಗೂ ಇದೇ ಮಾತು, ಅಜ್ಜಂದಿರಿಗೂ ಇದೇ ಮಾತು.

ಆಕೆ ಕನ್ನಡವನ್ನು ಪುಸ್ತಕದಿಂದ ಕಲಿತವರು. ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಹಂಡೆಗೆ ಮೂತಿಯಿಡಲು ಬಂದ ನಾಯಿಗೂ “ನೀವು ಆಚೆಗೆ ಹೋಗಿರಿ” ಎನ್ನುತ್ತಿದ್ದರು. ಆ ಹಸಿವಿನಲ್ಲೂ ಸಾಲಿನಲ್ಲಿ ಕೂತವರು ನಗುತ್ತಿದ್ದರು. ಊರಿನವರಿಗೆ ಆಕೆ ದೊರೆಸಾನಮ್ಮ. ಎಲ್ಲರೂ ಎದ್ದ ಮೇಲೆ ಹಂಡೆಯ ತಳ ಕೆರೆದು, ಅದೇ ಗಂಜಿಯನ್ನು ನಿಂತುಕೊಂಡೇ ಕುಡಿಯುತ್ತಿದ್ದರು. ಬೇರೆ ಏನನ್ನಾದರೂ ತಿಂದದ್ದನ್ನು ನಾನು ಕಂಡಿಲ್ಲ.

ಯುದ್ಧದ ಕಾಲ ಅದು. ಮಂಡ್ಯದ ಕಡೆ ನಾಲೆಯ ನೀರಿನಲ್ಲಿ ಕಬ್ಬು ಎದ್ದು ನಿಂತಿತ್ತು. ಮಳವಳ್ಳಿಯ ನಮ್ಮ ಮಗ್ಗುಲಿಗೆ ನಾಲೆ ಬಂದಿರಲಿಲ್ಲ, ಮಳೆಯೂ ಬರಲಿಲ್ಲ. ಅಂಗಡಿಗಳಲ್ಲಿ ರಾಗಿ ಇರಲಿಲ್ಲ. ನಾನು ಮಿಷನ್ನಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಮಕ್ಕಳು ಬರುವುದು ನಿಂತಾಗ ದೊರೆಸಾನಮ್ಮ ಶಾಲೆಯ ಬಯಲಿನಲ್ಲಿ ಚಪ್ಪರ ಹಾಕಿಸಿ ಗಂಜಿ ಕಾಯಿಸತೊಡಗಿದರು. ಬಡಿಸುವ ಕೆಲಸ ನನ್ನದಾಯಿತು.

ಮೊದಮೊದಲು ಗಂಜಿಯನ್ನು ಮನೆಗೆ ಒಯ್ಯಲು ಬಿಡುತ್ತಿದ್ದರು. ಮರಿಗೌಡ ಎಂಬ ರೈತ ದಿನವೂ ಹೆಂಡತಿಯ ಪಾಲು, ಮಕ್ಕಳ ಪಾಲು, ತನ್ನ ಪಾಲು ಸೇರಿಸಿ ಒಯ್ಯುತ್ತಿದ್ದ. ಒಬ್ಬ ಮಗಳು ಸತ್ತಳೆಂದು ತಿಳಿದು ನಾವು ಅವನ ಮನೆಗೆ ಹೋದಾಗ ಕೊಟ್ಟಿಗೆಯಲ್ಲಿ ಎತ್ತಿನ ಬಾನಿಗೆ ಗಂಜಿ ಅಂಟಿತ್ತು. ಹೊಟ್ಟಿನ ಜೊತೆ ಕಲಸಿ ಎತ್ತಿಗೆ ಹಾಕಿದ್ದ. ದೊರೆಸಾನಮ್ಮ ಬಾನಿಯೊಳಗೆ ಬೆರಳಾಡಿಸಿ, ಬೆರಳನ್ನು ಅವನಿಗೆ ತೋರಿಸಿದರು. ಅವನು ತಲೆ ತಗ್ಗಿಸಲಿಲ್ಲ.

“ನಾಳೆ ಮಳೆ ಉಯ್ದ್ರೆ ಯಾವುದ್ರಲ್ಲಿ ಉಳಾದು ದೊರ್ಸಾನಮ್ಮ? ಎತ್ತು ನಿಂತ್ಕಂಡ್ರೆ ಮಿಕ್ಕ ಮಕ್ಳು ಉಳ್ಕತವೆ” ಅಂದ. ಅವನ ಹೆಂಡತಿ ಗೋಡೆಗೆ ಒರಗಿ ಕೂತಿದ್ದಳು. ಅವಳೂ ಇಲ್ಲವೆನ್ನಲಿಲ್ಲ.

ಮರುದಿನದಿಂದ ಕಟ್ಟಳೆ ಬಂತು. ಯಾರೇ ಆಗಲಿ, ಚಪ್ಪರದಲ್ಲೇ ಕುಡಿಯಬೇಕು. ಕೆಲವರು ಕೊನೆಯ ಗುಟುಕನ್ನು ದವಡೆಯಲ್ಲಿ ಇಟ್ಟುಕೊಂಡು ಮನೆಗೆ ಒಯ್ಯುತ್ತಾರೆಂದು ಗೊತ್ತಾದಾಗ ಬಾಯಿ ನೋಡುವುದೂ ಬಂತು.

ಸಿದ್ದಮ್ಮ ಬಂದದ್ದು ಆಮೇಲೆ. ಸೊಂಟದಲ್ಲಿ ಮೊಲೆಯುಣ್ಣುವ ಗಂಡು ಕೂಸು. ಕೂಲಿಗೆಂದು ಹೋದ ಗಂಡನ ಸುದ್ದಿಯಿರಲಿಲ್ಲ. ಮನೆಯಲ್ಲಿ ಅತ್ತೆ ದೊಡ್ಡತಾಯಮ್ಮ. ಆಕೆಯ ಕಾಲದಲ್ಲಿ ಆ ಮನೆಯ ಜಗುಲಿಯಲ್ಲಿ ದಾರಿಹೋಕರಿಗೆ ಊಟ ಹಾಕಿದ್ದುಂಟು. ಬಯಲಿನಲ್ಲಿ ಸಾಲು ಕೂತು ಗಂಜಿ ಕುಡಿಯಲು ಆಕೆ ಒಪ್ಪಲಿಲ್ಲ. ಅತ್ತೆ ಉಣ್ಣದೆ ಸೊಸೆ ಉಣ್ಣುವ ಪದ್ಧತಿ ಆ ಮನೆಯಲ್ಲಿ ಇರಲಿಲ್ಲ. ಸಿದ್ದಮ್ಮ ಬಟ್ಟಲನ್ನು ಮುಂದಿಟ್ಟುಕೊಂಡು ಸುಮ್ಮನೆ ಕೂತಳು.

“ಉಣ್ಣಮ್ಮಿ, ನಿಮ್ಮತ್ತೆ ಇಲ್ಲಿಗ್ ಬಂದು ನೋಡ್ತಾ ಕುಂತವ್ಳಾ?” ಅಂದಳು ಪಕ್ಕದಲ್ಲಿದ್ದ ಕಾಳಮ್ಮ.

“ಅವ್ರ್ ನೋಡ್ದಿದ್ರೆ ನಂಗ್ ಕಣ್ಣಿಲ್ವಾ?”

ಒಂದು ಬಟ್ಟಲನ್ನು ಮನೆಗೆ ಒಯ್ಯಲು ಬಿಡಬೇಕೆಂದು ಸಿದ್ದಮ್ಮನ ಪರವಾಗಿ ನಾನೂ ಕೇಳಿದೆ. ದೊರೆಸಾನಮ್ಮ ಸಿದ್ದಮ್ಮನ ಕಡೆ ತಿರುಗಿ, “ನಿಮ್ಮ ಅತ್ತೆಯವರಿಗೆ ಕಾಲುಗಳು ಇವೆ. ಹಸಿವಾದರೆ ಬರುತ್ತಾರೆ” ಎಂದು ಬಟ್ಟಲನ್ನು ತೆಗೆದು ಹಂಡೆಗೆ ಸುರಿದರು. ಮಾರನೆಯ ದಿನವೂ ಹಾಗೆಯೇ ಆಯಿತು, ಅದರ ಮಾರನೆಯ ದಿನವೂ. ಕೂಸು ಬತ್ತಿದ ಎದೆಯನ್ನು ಎಳೆದೆಳೆದು ಬಿಡುತ್ತಿತ್ತು. ಆಮೇಲೆ ಅಳುವುದನ್ನೂ ನಿಲ್ಲಿಸಿತು. ಅದನ್ನು ನೋಡಿಯೇ ಕಾಳಮ್ಮ ದೊಡ್ಡತಾಯಮ್ಮನ ಮನೆಗೆ ಹೋಗಿ ಎಲ್ಲವನ್ನೂ ಹೇಳಿಬಂದಳು.

ದೊಡ್ಡತಾಯಮ್ಮ ಮರುದಿನ ಸೊಸೆಯ ಹೆಗಲು ಹಿಡಿದು ನಡೆದು ಬಂದರು. ಹಬ್ಬಕ್ಕೆ ಉಡುವಂಥ ಸೀರೆ ಉಟ್ಟಿದ್ದರು. ಬಡಿಸಿದ್ದನ್ನೆಲ್ಲ ನಿಧಾನವಾಗಿ ಕುಡಿದು, ಬಟ್ಟಲನ್ನು ಪಕ್ಕಕ್ಕಿಟ್ಟು, “ಈಗ ನೀನ್ ಕುಡಿ” ಎಂದು ಸೊಸೆಯ ಮುಖವನ್ನೇ ನೋಡುತ್ತ ಕೂತರು. ಸಿದ್ದಮ್ಮ ಗಂಜಿಯನ್ನು ಗಟಗಟನೆ ಕುಡಿದಳು.

ಇಬ್ಬರೂ ಎದ್ದು ದಾರಿಗೆ ಬಂದರು. “ಇವರೊಬ್ಬರನ್ನು ಬಿಟ್ಟುಬಿಡಿ” ಎಂದು ನಾನು ಅಂದೆ. “ಎಲ್ಲರಿಗೂ ಒಂದೇ ಕಟ್ಟಳೆ” ಅಂದರು ದೊರೆಸಾನಮ್ಮ.

“ಏನಂತೆ?” ಎಂದು ಮುದುಕಿ ಕೇಳಿದರು. ಕಾಳಮ್ಮನೇ ಹೇಳಿದಳು: “ಬಾಯ್ ತಗೀಬೇಕಂತೆ ದೊಡ್ಡವ್ವ. ನುಂಗಿದ್ದೀಯೋ ಇಲ್ವೋ ನೋಡ್ತಾರೆ.”

ದೊಡ್ಡತಾಯಮ್ಮ ಬಾಯಿ ತೆರೆದರು. ದೊರೆಸಾನಮ್ಮ ಬಗ್ಗಿ, ಎಲ್ಲರಿಗೂ ನೋಡುವಷ್ಟೇ ಹೊತ್ತು ನೋಡಿದರು. “ನಾಲಿಗೆಯನ್ನು ಎತ್ತಿರಿ.” ಎತ್ತಿದರು. “ಒಳ್ಳೆಯದು, ಹೋಗಿರಿ.”

ಮನೆಯಲ್ಲಿ ನಡೆದದ್ದನ್ನು ಸಿದ್ದಮ್ಮ ಆಮೇಲೆ ನನಗೆ ಹೇಳಿದಳು. “ನಂದು ಉಂಡಿದ್ದಾಯ್ತು. ಇನ್ಮ್ಯಾಕೆ ನನ್ ಹೆಸ್ರೇಳ್ಕಂಡು ನೀನು ಉಪಾಸ ಇರ್ಬ್ಯಾಡ” ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರಂತೆ. ಮತ್ತೆ ನೀರನ್ನೂ ಮುಟ್ಟಲಿಲ್ಲವಂತೆ.

ಮುದುಕಿ ಏಳುತ್ತಿಲ್ಲವೆಂದು ಕಾಳಮ್ಮ ಬಂದು ಹೇಳಿದ ದಿನ ದೊರೆಸಾನಮ್ಮ ಒಂದು ತಂಬಿಗೆಗೆ ಗಂಜಿ ತುಂಬಿದರು. ಮುಚ್ಚಳ ಹಾಕಿ, ಸೆರಗಿಲ್ಲದ ಗೌನಿಗೆ ಒತ್ತಿ ಹಿಡಿದು ನಡೆದರು. ಹಿಂದೆ ನಾನು. ನಾವು ಹೋಗುವಷ್ಟರಲ್ಲಿ ಹೆಣವನ್ನು ಜಗುಲಿಯ ಮೇಲೆ ಕೂರಿಸಿದ್ದರು.

ಹೆಣ ಎತ್ತುವವರೆಗೆ ಆ ಮನೆಯವರು ಬಾಯಿಗೆ ಏನನ್ನೂ ಹಾಕುವಂತಿಲ್ಲ. ದೊರೆಸಾನಮ್ಮ ತಂಬಿಗೆ ಹಿಡಿದು ಅಂಗಳದಲ್ಲಿ ನಿಂತೇ ಇದ್ದರು. ಸಿದ್ದಮ್ಮ ಎದ್ದು ಬಂದು ತಂಬಿಗೆಯನ್ನು ತೆಗೆದುಕೊಂಡಳು, ಮುಚ್ಚಳ ತೆಗೆದಳು, ಅಲ್ಲೇ ಕುಡಿಯತೊಡಗಿದಳು.

“ಹೆಣದ್ ಮುಂದೆ ಉಣ್ತೀಯಲ್ಲೇ, ನಾಚ್ಕೆ ಆಗಾಕಿಲ್ವಾ?” ಎಂದು ಒಬ್ಬ ಹೆಂಗಸು ಕೂಗಿದಳು.

“ಅವ್ರೇ ಉಣ್ಣು ಅಂದವ್ರೆ” ಎಂದು ಸಿದ್ದಮ್ಮ ಉಳಿದದ್ದನ್ನೂ ಕುಡಿದು, ತಂಬಿಗೆ ತೊಳೆದು ದೊರೆಸಾನಮ್ಮನ ಕೈಗೆ ಕೊಟ್ಟಳು. ಒಳಗೆ ಹೋಗಿ ಕೂಸನ್ನು ಎದೆಗೆ ಹಾಕಿಕೊಂಡಳು.

ಮರುದಿನ ದೊರೆಸಾನಮ್ಮ ಅದೇ ಜಾಗದಲ್ಲಿ ನಿಂತಿದ್ದರು. ಕಟ್ಟಳೆ ಬದಲಾಗಲಿಲ್ಲ. ಆ ಕಟ್ಟಳೆ ಬಂದ ಮೇಲೆ ನಮ್ಮ ಸಾಲಿನಲ್ಲಿ ಮಕ್ಕಳು ಸಾಯುವುದು ಕಡಿಮೆಯಾಯಿತು. ಅದನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಎರಡನ್ನೂ ಹೇಳಬೇಕು.

ಸ್ವಾತಂತ್ರ್ಯ ಬರುವುದಕ್ಕೆ ಮುಂಚಿನ ಬೇಸಿಗೆಯಲ್ಲಿ ಆಕೆ ತಮ್ಮ ದೇಶಕ್ಕೆ ಹೊರಟರು. ಮದ್ದೂರಿನ ಸ್ಟೇಷನ್ನಿಗೆ ಕಳಿಸಿಕೊಡಲು ಬಂದವರು ಕೆಲವರೇ. ಸಿದ್ದಮ್ಮನೂ ಮಗನ ಕೈ ಹಿಡಿದು ಬಂದಿದ್ದಳು. ಹುಡುಗ ಅವಳ ಕೈ ಕೊಸರಿಕೊಂಡು ಪ್ಲಾಟ್‌ಫಾರಮ್ಮಿನ ಮೇಲೆ ಓಡುತ್ತಿದ್ದ. ದೊರೆಸಾನಮ್ಮ ಅವನನ್ನೇ ನೋಡುತ್ತ ಕೇಳಿದರು:

“ನಿಮ್ಮ ಅತ್ತೆಯವರು ನನ್ನ ವಿಷಯ ಏನಾದರೂ ಹೇಳಿದ್ದರೇ?”

ಸಿದ್ದಮ್ಮ ಮಗನ ಮೇಲೆ ಕಣ್ಣಿಟ್ಟೇ ಹೇಳಿದಳು: “ಗಂಜೀಗೆ ಉಪ್ಪು ಸಾಲ್ದು ಅಂದ್ರು.”

“ಹೌದು, ನಾನೇ ಕಡಿಮೆ ಹಾಕಿಸುತ್ತಿದ್ದೆ” ಎಂದರು ದೊರೆಸಾನಮ್ಮ. “ಬಾವಿಯಲ್ಲಿ ನೀರು ಇರಲಿಲ್ಲ. ನಿಮಗೆಲ್ಲ ಬಾಯಾರಿಕೆ ಆಗಬಾರದೆಂದು.”

“ಗೊತ್ತು ಬುಡಿ” ಎಂದಳು ಸಿದ್ದಮ್ಮ. ರೈಲು ಬರುವುದು ಕಂಡು, ಮಗನನ್ನು ಹಿಡಿಯಲು ಹೋದಳು.