ಹುಲಿಯ ಎದೆಯ ಅಳತೆ

ಇವತ್ತು ಬೆಳಿಗ್ಗೆ ಬಚ್ಚಲುಮನೆಯ ಬಾಗಿಲು ಕಿರುಗುಟ್ಟಿತು. ನಾಲ್ಕು ತಿಂಗಳಿಂದ ಕಿರುಗುಟ್ಟುತ್ತಲೇ ಇತ್ತು. ಇವತ್ತು ನನ್ನ ಹೆಂಡತಿ ಶೈಲಾಗೆ ರಜೆ ಇದ್ದದ್ದರಿಂದ ನನಗೆ ಕೇಳಿಸಿತು. ಗ್ಯಾರೇಜಿಗೆ ಹೋಗಿ ಹೊಲಿಗೆ ಯಂತ್ರದ ಎಣ್ಣೆಯ ಪುಟ್ಟ ಬಾಟಲಿ ತಂದು ಕೀಲಿಗೆ ಎರಡು ಹನಿ ಬಿಟ್ಟೆ. ಮೂರನೆಯದು ಬೆರಳ ಮೇಲೆ ಬಿತ್ತು. ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರವಿಲ್ಲ. ಎಣ್ಣೆ ಇರುವುದು ಕೋವಿಗಾಗಿ.

ಗಾಬರಿಯಾಗಬೇಡಿ. ನಾನು ಹೊಡೆಯುವುದು ಖಾಲಿ ಡಬ್ಬಗಳನ್ನು ಮಾತ್ರ. ಪಾಯಿಂಟ್ ಟೂ ಟೂ ಎನ್ನುವ ಸಣ್ಣ ಕೋವಿ ಇದು. ಇದರ ತೋಟಾ ನನ್ನ ಕಿರುಬೆರಳಿನ ಅರ್ಧದಷ್ಟೂ ಇಲ್ಲ. ನಳಿಗೆಯ ಕೆಳಗೆ ಇನ್ನೊಂದು ಕೊಳವೆ, ಅದರೊಳಗೆ ತೋಟಾಗಳು ಒಂದರ ಹಿಂದೆ ಒಂದು ರೇಷನ್ ಅಂಗಡಿಯ ಸಾಲಿನ ಹಾಗೆ ಕಾದು ನಿಂತಿರುತ್ತವೆ. ಟ್ರಿಗರಿನ ಸುತ್ತ ಬೆರಳುಗಳು ತೂರುವಷ್ಟು ದೊಡ್ಡದೊಂದು ಕಬ್ಬಿಣದ ಬಳೆ. ಅದನ್ನು ಕೆಳಕ್ಕೆ ತಳ್ಳಿ ಮತ್ತೆ ಮೇಲಕ್ಕೆ ಎಳೆದರೆ ಹಳೆಯ ಹಿತ್ತಾಳೆ ಚಿಪ್ಪು ಹಾರಿಹೋಗಿ ಹೊಸ ತೋಟಾ ಒಳಗೆ ಕೂರುತ್ತದೆ. ಚಕ್, ಚಕ್. ಆಮೇಲೆ ಮೂವತ್ತು ಹೆಜ್ಜೆ ಆಚೆ, ಮಣ್ಣಿನ ದಿಣ್ಣೆಯ ಮುಂದೆ ಕೂತಿರುವ ಡಬ್ಬ. ಟಪ್ ಎನ್ನುತ್ತದೆ ಕೋವಿ, ಟಿಣ್ ಎನ್ನುತ್ತದೆ ಡಬ್ಬ, ಒಂದು ಕ್ಷಣ ಯೋಚಿಸಿ ಬೀಳುತ್ತದೆ. ಪಕ್ಕದ ಹುಲ್ಲುಗಾವಲಿನ ಕುರಿ ತಲೆಯೆತ್ತಿ ನೋಡಿ, ಇವನೇ ಎಂದು ಮತ್ತೆ ಮೇಯುತ್ತದೆ. ಇದರಿಂದ ಲೋಕಕ್ಕೆ ಕವಡೆಯಷ್ಟೂ ಉಪಯೋಗವಿಲ್ಲ. ವಾರವಿಡೀ ಉಪಯೋಗಕ್ಕೆ ಬರುವ ಕೆಲಸವನ್ನೇ ಮಾಡಬೇಕಾದ ಎಂಜಿನಿಯರಿಗೆ ಅದೇ ದೊಡ್ಡ ಸುಖ.

ಇದನ್ನು ಈ ಪರದೇಶದಲ್ಲಿರುವ ನಮ್ಮ ಕನ್ನಡದವರಿಗೆ ವಿವರಿಸುವುದು ಕಷ್ಟ. ದೀಪಾವಳಿಯ ಊಟದಲ್ಲಿ ಒಬ್ಬರು ತಟ್ಟೆ ಹಿಡಿದುಕೊಂಡೇ ಬುದ್ಧಿ ಹೇಳಿದರು: "ಗಾಲ್ಫ್ ಆಡಿ ಸಾರ್. ಅದೂ ದೂರ ಇರೋದಕ್ಕೆ ಹೊಡೆಯೋದೇ. ಮ್ಯಾನೇಜರುಗಳ ಪರಿಚಯಾನೂ ಆಗುತ್ತೆ."

ಈ ಎಣ್ಣೆಯ ವಾಸನೆ ಬಂದ ಕೂಡಲೇ ಗತಕಾಲ ಕಣ್ಣೆದುರು ತೆರೆದುಕೊಂಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೊದಲು ಬೆರಳು ಒರೆಸಲು ಬಟ್ಟೆ ಹುಡುಕಿದೆ. ಸಿಗಲಿಲ್ಲ. ಆಮೇಲೆ ಇವತ್ತು ಶನಿವಾರ, ಮಧ್ಯಾಹ್ನ ಕೆನ್‌ನನ್ನು ನೋಡಲು ಹೋಗಬೇಕು ಎಂಬುದು ನೆನಪಾಯಿತು. ಉಳಿದದ್ದೆಲ್ಲ ಆಮೇಲೆ ಬಂತು, ಅದೂ ಕ್ರಮ ತಪ್ಪಿ. ಇಲ್ಲಿ ನಾನು ಜೋಡಿಸಿ ಕೊಡುತ್ತಿದ್ದೇನೆ. ಜೋಡಣೆಯ ತಪ್ಪು ನನ್ನದು.

ಕೆನ್ ಪರಿಚಯವಾದದ್ದು ಸೌದೆಯಿಂದ. ಈ ದೇಶಕ್ಕೆ ಬಂದ ಹೊಸತು, ರಿಕ್ಕರ್ಟನ್ ಬಡಾವಣೆಯ ಬಾಡಿಗೆ ಮನೆಯಲ್ಲಿ ನಮ್ಮ ಮೊದಲ ಚಳಿಗಾಲ. ಯೂಟ್ ಎಂದು ಇಲ್ಲಿಯವರು ಕರೆಯುವ ಪಿಕಪ್ ಗಾಡಿಯ ಹಿಂದೆ ಟ್ರೇಲರ್ ಕಟ್ಟಿಕೊಂಡು ಬಂದು ಸೌದೆ ಸುರಿದ ಎಪ್ಪತ್ತರ ಮುದುಕ, ನಾನು ಅದನ್ನು ಪೇರಿಸುವ ಚಂದವನ್ನು ಸ್ವಲ್ಪ ಹೊತ್ತು ನೋಡಿದ. ರಾಶಿ ಎರಡನೆಯ ಸಲ ಕುಸಿದ ಮೇಲೆ ತಾನೇ ಬಂದು ಪೇರಿಸಿಕೊಟ್ಟ. ಶೈಲಾ ಕಾಫಿ ಕೊಟ್ಟಳು. ಹೊರಡುವಾಗ ಕೇಳಿದ:

"ಶನಿವಾರ ಏನು ಮಾಡ್ತೀಯ?"

"ಏನೂ ಇಲ್ಲ."

"ಹಾಗಾದ್ರೆ ಬಾ. ಖಾಲಿ ಡಬ್ಬ ಇದ್ರೆ ತಾ."

ಊರಿಂದ ಮುಕ್ಕಾಲು ಗಂಟೆಯ ದಾರಿ, ಬೆಟ್ಟಗಳ ಬುಡದಲ್ಲಿ ಅವನ ಜಮೀನು. ಹೆಂಡತಿ ತೀರಿಹೋಗಿದ್ದಳು, ಮಗಳು ಬ್ರಿಸ್ಬೇನಿನಲ್ಲಿ. ಶೆಡ್ಡಿನಲ್ಲಿ ಆ ಕೋವಿಯನ್ನು ನನ್ನ ಕೈಗೆ ಕೊಟ್ಟಾಗ ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಬಂತು. ನಂಜನಗೂಡಿನ ಅಂಗಡಿ ಬೀದಿಯಲ್ಲಿ ನನ್ನ ತಾತನ ಟೈಲರ್ ಅಂಗಡಿಗೆ ಇದ್ದದ್ದು ಇದೇ ವಾಸನೆ. ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು ತಾತನಿಗೆ ಸೂಜಿ ಪೋಣಿಸಿ ಕೊಡುತ್ತಿದ್ದೆ, ಎಡಗಣ್ಣು ಮುಚ್ಚಿ, ಉಸಿರು ಹಿಡಿದು. ಮೊದಲ ಡಬ್ಬಕ್ಕೆ ಗುರಿ ಇಟ್ಟಾಗಲೂ ಹಾಗೇ ಮಾಡಿದೆ. ಡಬ್ಬ ಬಿತ್ತು. ಇದು ತೀರ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಅದಕ್ಕೇ ನನಗೆ ಅನುಮಾನ. ಬಿದ್ದದ್ದು ಮೊದಲನೆಯದೋ ನಾಲ್ಕನೆಯದೋ. ವಾಸನೆ ಮಾತ್ರ ನಿಜ.

"ನಾಟ್ ಬ್ಯಾಡ್" ಎಂದ ಕೆನ್. ಈ ದೇಶದಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. "ಯಾರು ಕಲಿಸಿದ್ದು?"

"ನನ್ನ ತಾತ" ಎಂದೆ. ಅಲ್ಲಿಯವರೆಗೆ ನಾನು ಸತ್ಯವಂತನೇ.

"ಓ, ಅವರ ಹತ್ರಾನೂ ಇತ್ತಾ?" ಎಂದು ಕೋವಿಯ ಕಡೆ ಗಲ್ಲ ತೋರಿಸಿದ.

ಇಲ್ಲ, ಅವರ ಹತ್ತಿರ ಇದ್ದದ್ದು ಹೊಲಿಗೆ ಯಂತ್ರ ಎನ್ನಬಹುದಿತ್ತು. ನನ್ನ ಇಂಗ್ಲಿಷು ಅಷ್ಟಕ್ಕೆ ಸಾಲುತ್ತಿತ್ತು. ನಾನು "ಇತ್ತು" ಎಂದೆ.

ನನ್ನೊಬ್ಬನ ತಪ್ಪೂ ಅಲ್ಲ ಇದು. ವಿಮಾನ ಹತ್ತಿ ಇಲ್ಲಿಗೆ ಬಂದ ಮೇಲೆ ನಮ್ಮಲ್ಲಿ ಯಾರ ತಾತನೂ ಗುಮಾಸ್ತನಾಗಿ ಉಳಿಯುವುದಿಲ್ಲ. ನನಗೆ ಗೊತ್ತಿರುವ ಕನ್ನಡದವರಲ್ಲೇ ಮೂವರ ತಾತಂದಿರು ಮಹಾರಾಜರ ಜೊತೆ ಟೆನಿಸ್ ಆಡಿದ್ದಾರೆ. ಅರಮನೆಯಲ್ಲಿ ಅಷ್ಟು ರ‍್ಯಾಕೆಟ್ಟುಗಳಿದ್ದವೋ ಇಲ್ಲವೋ. ಆ ಲೆಕ್ಕದಲ್ಲಿ ನನ್ನದು ಸಾಧಾರಣ ಸುಳ್ಳು. ಆದರೆ ಶನಿವಾರದಿಂದ ಶನಿವಾರಕ್ಕೆ ಅದು ಮೈ ತುಂಬಿಕೊಂಡಿತು. ಎರಡನೆಯ ವಾರ ತಾತನಿಗೆ ಬಂಡೀಪುರದ ಕಾಡಿನ ಪರಿಚಯವಾಯಿತು. ಮೂರನೆಯ ವಾರ ಹಳ್ಳಿಯವರು ಬಂದು, ದನ ಹಿಡಿಯುತ್ತಿದ್ದ ಹುಲಿಯ ವಿಷಯ ಹೇಳಿ ಕೈಮುಗಿದರು. ನಾಲ್ಕನೆಯ ವಾರ ಒಂದೇ ಗುಂಡು. ದೀಪಾವಳಿಯ ಮೂರು ದಿನವೂ ಕಿವಿಗೆ ಹತ್ತಿ ಇಟ್ಟುಕೊಂಡು ಕೂರುತ್ತಿದ್ದ, ಮೊಟ್ಟೆಯನ್ನೂ ಮುಟ್ಟದ ನನ್ನ ತಾತ, ಸತ್ತು ಇಪ್ಪತ್ತು ವರ್ಷವಾದ ಮೇಲೆ ಹುಲಿ ಹೊಡೆದರು.

ಕೆನ್ ಕೇಳುತ್ತಿದ್ದ. ನಡುವೆ ಪ್ರಶ್ನೆ ಹಾಕುತ್ತಿರಲಿಲ್ಲ. ಅದನ್ನು ನಾನು ನಂಬಿಕೆ ಎಂದುಕೊಂಡೆ.

ಒಮ್ಮೆ ನಾನು ಒಯ್ದ ಗುಲಾಬ್ ಜಾಮೂನಿನ ಡಬ್ಬ ಸರಿಯಾಗಿ ತೊಳೆದಿರಲಿಲ್ಲ. ಸಕ್ಕರೆ ಪಾಕಕ್ಕೆ ಕಣಜಗಳು ಮುತ್ತಿದವು. ಎರಡು ನನ್ನ ಕಡೆಗೂ ಬಂದವು. ಹುಲಿ ಬೇಟೆಗಾರನ ಮೊಮ್ಮಗ ಕೋವಿಯಿಂದ ತೋಟಾ ತೆಗೆದು, ತೋಟಾ ಕೂರುವ ಬಾಯಿ ತೆರೆದಿಟ್ಟು, ಕಲಿಸಿದ ಹಾಗೆಯೇ ಮೇಜಿನ ಮೇಲೆ ಮಲಗಿಸಿ, ಓಡಿಹೋಗಿ ಯೂಟ್‌ನೊಳಗೆ ಕೂತು ಗಾಜು ಏರಿಸಿಕೊಂಡ. ಕೆನ್ ಡಬ್ಬ ತೊಳೆದು ತಂದ.

ಹೀಗೆ ಕೆಲವು ವರ್ಷ. ನನಗೆ ಲೈಸೆನ್ಸ್ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಲೈಸೆನ್ಸ್ ಇರುವ ಕೆನ್ ಪಕ್ಕದಲ್ಲೇ ನಿಂತಿರುತ್ತಿದ್ದ. ಆಮೇಲೆ ಅವನ ಮಂಡಿ ಕೆಟ್ಟಿತು, ಮಗಳು ಬಂದು ಜಮೀನು ಮಾರುವುದೆಂದೂ ಅವನನ್ನು ಊರಿನ ವೃದ್ಧಾಶ್ರಮಕ್ಕೆ ಸೇರಿಸುವುದೆಂದೂ ನಿಶ್ಚಯ ಮಾಡಿದಳು. ಕೋವಿ ಅವನ ಅಪ್ಪನದು. ಮಗಳಿಗೆ ಬೇಡ.

"ನೀನು ಲೈಸೆನ್ಸ್ ಮಾಡಿಸ್ಕೊಂಡ್ರೆ ನಿನಗೆ" ಎಂದ ಕೆನ್. "ಇಲ್ಲಾಂದ್ರೆ ಪೊಲೀಸರಿಗೆ ಒಪ್ಪಿಸಿಬಿಡ್ತೀನಿ. ಅವರು ಕತ್ತರಿಸಿ ಹಾಕ್ತಾರೆ."

ಹೇಳುವಾಗ ಅವನು ನನ್ನನ್ನು ನೋಡಲಿಲ್ಲ, ಕೋವಿಯ ಮರದ ಹಿಡಿಯನ್ನು ಅಂಗೈಯಿಂದ ಉಜ್ಜುತ್ತಿದ್ದ. ನನಗೆ ಆ ಕೋವಿ ಬೇಕು ಎಂದು ಎಷ್ಟು ಜೋರಾಗಿ ಅನ್ನಿಸಿತೆಂದರೆ, ನಲವತ್ತಾರನೆಯ ವಯಸ್ಸಿನಲ್ಲಿ ನಾಚಿಕೆಯಾಯಿತು.

ಪಾಠಕ್ಕೆ ಹೋದೆ, ಪರೀಕ್ಷೆ ಬರೆದೆ, ಗ್ಯಾರೇಜಿನ ಗೋಡೆಗೆ ಕೋವಿ ಇಡುವ ಕಬ್ಬಿಣದ ಪೆಟ್ಟಿಗೆ ಬೋಲ್ಟ್ ಹೊಡೆಸಿದೆ. ಉಳಿದದ್ದು ಲೈಸೆನ್ಸ್ ಅಧಿಕಾರಿಯ ಸಂದರ್ಶನ. ಇಲ್ಲಿ ಅರ್ಜಿ ಹಾಕಿದವನನ್ನು ಮಾತ್ರ ಕೇಳಿ ಬಿಡುವುದಿಲ್ಲ. ಹೆಂಡತಿಯನ್ನು ಬೇರೆ, ಪರಿಚಯದವರೊಬ್ಬರನ್ನು ಬೇರೆ ಕೂರಿಸಿ ಕೇಳುತ್ತಾರೆ. ಪಾಠ ಹೇಳಿದವನು ಎಚ್ಚರಿಸಿದ್ದ: "ನಿಮ್ಮ ಗುರಿಯನ್ನು ಅವರು ನೋಡೋದಿಲ್ಲ. ನಿಜ ಹೇಳೋ ಮನುಷ್ಯನಾ ಅಂತ ನೋಡ್ತಾರೆ. ಸಣ್ಣ ಸುಳ್ಳು ಸಿಕ್ಕಿದ್ರೂ ಮುಗೀತು."

ಪರಿಚಯದವರ ಜಾಗದಲ್ಲಿ ನಾನು ಬರೆದದ್ದು ಕೆನ್‌ನ ಹೆಸರು. ಅವನಿಗೆ ಗೊತ್ತಿರುವುದು ಹುಲಿಯ ತಾತ. ಶೈಲಾಗೆ ಗೊತ್ತಿರುವುದು ಟೈಲರ್ ತಾತ. ಇವೆರಡೂ ಒಬ್ಬರದೇ ಕಡತದಲ್ಲಿ ಪಕ್ಕಪಕ್ಕ ಕೂರುತ್ತವೆ ಎಂಬುದು ಎಂಜಿನಿಯರಾದ ನನಗೆ ಹೊಳೆದದ್ದು, ಅಧಿಕಾರಿಯ ಕಾರು ನಮ್ಮ ಮನೆಯ ಮುಂದೆ ನಿಂತಾಗ.

ಬಂದವರು ಐವತ್ತು ದಾಟಿದ ಹೆಂಗಸು. ಕೆನ್‌ನನ್ನು ಹಿಂದಿನ ದಿನವೇ ನೋಡಿ ಬಂದಿದ್ದರು. ಶೈಲಾ ಚಕ್ಕುಲಿ ಇಟ್ಟಳು. ಮೊದಲು ಅವಳ ಸರದಿ. ನನ್ನನ್ನು ಗ್ಯಾರೇಜಿಗೆ ಕಳಿಸಿದರು. ಗೋಡೆಯಾಚೆಯಿಂದ ಇಬ್ಬರೂ ನಗುವುದು ಕೇಳಿಸಿತು. ಮದುವೆಯಾಗಿ ಹದಿನೆಂಟು ವರ್ಷವಾದ ಗಂಡಸಿಗೆ ಅದಕ್ಕಿಂತ ಭಯಂಕರವಾದ ಸದ್ದಿಲ್ಲ. ಆಮೇಲೆ ಶೈಲಾ ನನ್ನನ್ನು ಕರೆಯಲು ಬಂದಳು.

"ಏನು ಕೇಳಿದ್ರು?"

"ನಿಮಗೆ ಕೋಪ ಬರುತ್ತಾ ಅಂದ್ರು. ಬರುತ್ತೆ, ಆದ್ರೆ ಯಾಕೆ ಬಂತು ಅಂತ ಅರ್ಧಕ್ಕೇ ಮರೆತುಬಿಡ್ತಾರೆ ಅಂದೆ."

"ಇನ್ನೇನು?"

"ಮನೇಲಿ ಹಿಂದೆ ಯಾರಾದ್ರೂ ಕೋವಿ ಇಟ್ಕೊಂಡಿದ್ರಾ ಅಂದ್ರು. ಇಲ್ಲ, ಇವರ ತಾತ ಟೈಲರ್ರು, ಕತ್ತರಿ ಬಿಟ್ರೆ ಬೇರೆ ಹಿಡಿದವರಲ್ಲ ಅಂದೆ. ಯಾಕ್ರೀ, ಮುಖ ಹಾಗೆ ಮಾಡ್ತೀರ?"

"ತಾತ ಹುಲಿ ಹೊಡೆದಿದ್ರು ಅಂತ ಕೆನ್‌ಗೆ ಹೇಳಿದ್ದೀನಿ."

"ಯಾವ ತಾತ?"

"ಅವರೇ."

"ಯಾತರಲ್ಲಿ? ಕತ್ತರೀಲಾ?"

ಅಧಿಕಾರಿ ಪುಸ್ತಕದ ಹಾಳೆ ತಿರುವಿ, ನಿಮ್ಮ ಮನೆತನಕ್ಕೆ ಕೋವಿಯ ಅಭ್ಯಾಸವಿತ್ತೇ ಎಂದು ನನ್ನನ್ನೂ ಕೇಳಿದರು. ತಾತಂದಿರು ಇಬ್ಬರಿರುತ್ತಾರಲ್ಲ, ಒಬ್ಬರನ್ನು ಟೈಲರ್ ಮಾಡಿ ಇನ್ನೊಬ್ಬರಿಂದ ಹುಲಿ ಹೊಡೆಸಬಹುದು ಎಂಬ ಯೋಚನೆ ಬಂತು. ಆದರೆ ಅಮ್ಮನ ತಂದೆ ಪ್ರೈಮರಿ ಶಾಲೆಯ ಹೆಡ್‌ಮಾಸ್ಟರು, ಮತ್ತು ಶೈಲಾ ಅಡಿಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಅದೂ ಅಲ್ಲದೆ, ಆ ಕೋವಿಯನ್ನು ಎರಡು ತುಂಡಾಗಿ ಕಂಡೆ. ಕಂಡೆ ಎನ್ನುವುದು ಈಗಿನ ಮಾತು. ಆಗ ಬಹುಶಃ ಚಕ್ಕುಲಿಯನ್ನು ನೋಡುತ್ತಿದ್ದೆ. "ಇಲ್ಲ" ಎಂದೆ. "ನನ್ನ ತಾತ ಟೈಲರ್. ಪಟಾಕಿಗೂ ಹೆದರುತ್ತಿದ್ದರು. ಕೆನ್‌ಗೆ ನಾನು ಬೇರೆ ಹೇಳಿದ್ದೇನೆ. ಅದು ಸುಳ್ಳು."

ಆಕೆ ಬಹಳ ಹೊತ್ತು ಬರೆದರು. ಒಂದೇ ಸಾಲಿಗೆ ಅಷ್ಟು ಹೊತ್ತು ಬೇಕಿರಲಿಲ್ಲ. "ಇದನ್ನು ಅವರಿಗೆ ನೀವೇ ಹೇಳುತ್ತೀರಾ?" ಎಂದು ಕೇಳಿ, ಇನ್ನೊಂದು ಚಕ್ಕುಲಿ ತೆಗೆದುಕೊಂಡು ಹೊರಟರು.

ಶನಿವಾರ ಕೆನ್ ಶೆಡ್ಡಿನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದ. ಹೇಳಿದೆ.

"ಗೊತ್ತಿತ್ತು" ಎಂದ. ತಲೆಯೆತ್ತಲೂ ಇಲ್ಲ. "ಹುಲಿ ಹೊಡೆದವನ ಮೊಮ್ಮಗ ಎರಡು ಕಣಜಕ್ಕೆ ಹೆದರಿ ಯೂಟ್‌ಗೆ ಓಡಲ್ಲ, ಮೇಟ್."

"ಮತ್ತೆ ಅವರು ಕೇಳಿದಾಗ ಏನಂದೆ?"

"ಅವನ ತಾತನ ವಿಷಯ ನನಗೆ ಗೊತ್ತಿಲ್ಲ, ಅವನ ಬೆರಳಿನ ವಿಷಯ ಗೊತ್ತು ಅಂದೆ. ಹೊಡೆಯೋ ತನಕ ಟ್ರಿಗರ್ ಮುಟ್ಟಲ್ಲ. ಓಡಿಹೋಗುವಾಗ್ಲೂ ತೋಟಾ ತೆಗೆದೇ ಓಡಿದ ಅಂದೆ." ಪೆಟ್ಟಿಗೆಯ ಮೇಲೆ ಕೂತ. "ಸರಿ, ನಿಜವಾಗಿ ಏನು ಮಾಡ್ತಿದ್ರು ನಿಮ್ಮ ತಾತ?"

ಹೇಳಿದೆ. ಕೊರಳಲ್ಲಿ ಯಾವಾಗಲೂ ಜೋತಾಡುತ್ತಿದ್ದ ಟೇಪು. ಎದೆ, ಸೊಂಟ, ತೋಳು ಎಂದು ತಾತ ಕೂಗಿ ಹೇಳುವುದು, ನಾನು ರಟ್ಟಿನ ಚೂರಿನ ಮೇಲೆ ಬರೆದುಕೊಳ್ಳುವುದು. ಬರೆದದ್ದನ್ನು ತಾತ ಒಮ್ಮೆಯೂ ನೋಡುತ್ತಿರಲಿಲ್ಲ, ಎಲ್ಲ ಅವರಿಗೆ ನೆನಪಿರುತ್ತಿತ್ತು. ಆದರೂ ಪ್ರತಿ ಸಲ "ಬರ್ಕೋ, ಮರೀತೀಯ" ಎನ್ನುತ್ತಿದ್ದರು. ಕೆನ್ ಕೊನೆಯವರೆಗೂ ಕೇಳಿ "ನಾಟ್ ಬ್ಯಾಡ್" ಎಂದ. ಹುಲಿಗೆ ಅವನು ಹಾಗೆಂದದ್ದು ನನಗೆ ನೆನಪಿಲ್ಲ.

ಲೈಸೆನ್ಸ್ ಬಂತು. ಕೋವಿ ನಮ್ಮ ಗ್ಯಾರೇಜಿಗೆ ಬಂತು. ಜಮೀನು ಕೊಂಡವರು, ಡಬ್ಬ ಹೊಡೆಯಲು ಅದೇ ದಿಣ್ಣೆಗೆ ಬರಬಹುದು ಎಂದರು.

ಇವತ್ತು ಮಧ್ಯಾಹ್ನ ವೃದ್ಧಾಶ್ರಮಕ್ಕೆ ಹೋದಾಗ ಕೆನ್ ಕಿಟಕಿಯ ಪಕ್ಕ ಕೂತಿದ್ದ. ಒಂದು ವರ್ಷದಿಂದ ಅವನ ನೆನಪು ಅಲ್ಲಲ್ಲಿ ಹರಿದಿದೆ. ನನ್ನ ಹೆಸರು ಕೆಲವು ದಿನ ಇರುತ್ತದೆ, ಕೆಲವು ದಿನ ಇಲ್ಲ. ಅಲ್ಲಿಯ ನರ್ಸ್ ಪ್ರೆಸಿಲ್ಲಾ, ಕಾರ್ಕಳದ ಹುಡುಗಿ, ಅವನ ಮಾತ್ರೆಗಳನ್ನು ಎಣಿಸುತ್ತಿದ್ದಳು. ಕೆನ್ ನನ್ನ ಕೈ ಹಿಡಿದು ಬೆರಳನ್ನು ಮೂಗಿನ ಹತ್ತಿರ ತಂದುಕೊಂಡ.

"ಕೋವಿಗೆ ಎಣ್ಣೆ ಹಾಕಿದ್ಯಾ?"

ಬಚ್ಚಲುಮನೆ ಬಾಗಿಲಿಗೆ ಎನ್ನಬಹುದಿತ್ತು. "ಹೂಂ" ಎಂದೆ. ನೋಡಿ, ಇಷ್ಟೆಲ್ಲ ಆದ ಮೇಲೂ.

ಅವನು ಪ್ರೆಸಿಲ್ಲಾಳ ಕಡೆ ತಿರುಗಿದ. "ಇವನ ತಾತ ಹುಲಿ ಹೊಡೆದವರು. ಒಂದೇ ಗುಂಡು. ಹುಲಿ ಬಿದ್ದ ಮೇಲೆ ಹತ್ತಿರ ಹೋಗಿ, ಕೊರಳಲ್ಲಿದ್ದ ಟೇಪು ತೆಗೆದು ಎದೆ ಅಳತೆ ತೊಗೊಂಡ್ರು. ಐವತ್ತೆರಡು ಇಂಚು. ಆಮೇಲೆ ಸೊಂಟ. ಇವನು ಪಕ್ಕದಲ್ಲಿ ನಿಂತು ರಟ್ಟಿನ ಮೇಲೆ ಬರ್ಕೊಂಡ."

ಗೊತ್ತಿತ್ತು ಎಂದವನು ಅದನ್ನು ಮರೆತು, ಈಗ ನಂಬಿದ್ದಾನೆ. ಸುಳ್ಳನ್ನೂ ನಿಜವನ್ನೂ ಯಾವಾಗಲೋ ಒಂದೇ ದಾರದಲ್ಲಿ ಹೊಲಿದುಬಿಟ್ಟಿದ್ದಾನೆ, ಎಲ್ಲಿ ಹೊಲಿಗೆ ಎಂದು ಕಾಣದ ಹಾಗೆ. ಬಿಚ್ಚಲು ಹೊರಟರೆ ಬಟ್ಟೆಯೇ ಹರಿಯುತ್ತದೆ.

ಪ್ರೆಸಿಲ್ಲಾ ಕನ್ನಡದಲ್ಲಿ ಮೆಲ್ಲಗೆ ಕೇಳಿದಳು: "ಹೌದಾ ಅಂಕಲ್? ನಿಮ್ಮ ಅಜ್ಜ ಹುಲಿ ಹೊಡ್ದದ್ದು ಹೌದಾ? ಇವ್ರು ದಿನಾ ಹೇಳ್ತಾರೆ ಮಾರಾಯ್ರೆ."

"ಇಲ್ಲಮ್ಮ. ಟೇಪು ಮಾತ್ರ ನಿಜ."

"ಏನಂತೆ?" ಎಂದ ಕೆನ್.

"ಎದೆ ಎಷ್ಟು ಇಂಚು ಅಂತ ಇನ್ನೊಮ್ಮೆ ಕೇಳ್ತಿದ್ದಾಳೆ" ಎಂದೆ.

"ಐವತ್ತೆರಡು" ಎಂದ. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ಬರ್ಕೋ, ಮರೀತೀಯ."

ಪ್ರೆಸಿಲ್ಲಾ ಖಾಲಿಯಾದ ಮಾತ್ರೆಯ ಡಬ್ಬಿಯ ರಟ್ಟು ಹರಿದು ಕೊಟ್ಟಳು. ಅವಳ ಪೆನ್ನು ತೆಗೆದುಕೊಂಡು ಬರೆದೆ: ಎದೆ, ಐವತ್ತೆರಡು.

"ಸೊಂಟ?" ಎಂದೆ.